ಬುಡ ತಟ್ಟಿ ನೋಡು

ವಿಶ್ವೇಶ್ವರಯ್ಯ ನಾಲೆಯ ನೀರು ಮಂಡ್ಯ, ಮದ್ದೂರು ದಾಟಿ ಕೊನೆಗೆ ಬಂದು ಮುಟ್ಟುವ ಮಳವಳ್ಳಿ ಸೀಮೆಯ ಒಂದು ಬಯಲು. ಅಕ್ಟೋಬರ್ ತಿಂಗಳ ಇಳಿಹೊತ್ತು. ಭತ್ತ ಹೊಡೆಯಾಗಿದೆ. ಪಕ್ಕದವರ ಸೋನಾ ಗದ್ದೆಯ ನಡುವೆ ಗಾಡಿಚಕ್ರದಷ್ಟು ಅಗಲಕ್ಕೆ ಪೈರು ಬೆಂಕಿ ತಗುಲಿದಂತೆ ಕಂದಾಗಿ ಕುಸಿದಿದೆ. ಕಂದು ಜಿಗಿಹುಳು ಬಿದ್ದಿದೆ.

ಬದುವಿನ ಮೇಲೆ ಇಬ್ಬರು ಕೂತಿದ್ದಾರೆ. ಒಬ್ಬರು ಮಂಡ್ಯದ ವಿ.ಸಿ. ಫಾರಂನ ಕೀಟ ವಿಭಾಗದಲ್ಲಿ ಕ್ಷೇತ್ರ ಸಹಾಯಕರಾಗಿದ್ದು ನಿವೃತ್ತರಾದವರು. ಇನ್ನೊಬ್ಬಳು ಅವರ ತಮ್ಮನ ಮಗಳು. ಬೆಂಗಳೂರಿನ ಕೆಲಸ ಬಿಟ್ಟು ಬಂದು ಅಪ್ಪನ ಎರಡು ಎಕರೆಯನ್ನು ನೋಡಿಕೊಳ್ಳುತ್ತಿದ್ದಾಳೆ. ಈ ಸಲ ಒಂದೂವರೆ ಎಕರೆಗೆ ಎಂ.ಟಿ.ಯು.-1001 ನೆಟ್ಟಿದ್ದಾಳೆ, ಉಳಿದರ್ಧಕ್ಕೆ ನಾಟಿ ತಳಿ ರಾಜಮುಡಿ. ಮುಂದಿನ ಮುಂಗಾರಿಗೆ ಯಾವ ಬೀಜ ಎನ್ನುವಲ್ಲಿಂದ ಮಾತು ಶುರುವಾಯಿತು.

ಮಗಳು: ದೊಡ್ಡಪ್ಪ, ಆ ಸುಟ್ಟ ಜಾಗ ಮೊನ್ನೆ ಒಂದು ಮಂಕರಿಯಷ್ಟಿತ್ತು. ಇವತ್ತು ನೋಡಿ ಎಷ್ಟಾಗಿದೆ. ಅವರು ಎರಡು ಸಲ ಔಷಧಿ ಹೊಡೆದರು. ಹೊಡೆದ ಮೇಲೇ ಜಾಸ್ತಿಯಾಯ್ತು ಅಂತ ಗೋಳಾಡ್ತಿದ್ದಾರೆ.

ದೊಡ್ಡಪ್ಪ: ಹೊಡೆದದ್ದರಿಂದಲೇ ಜಾಸ್ತಿಯಾಗಿರಬೋದು ಕಣವ್ವ. ಔಷಧಿ ಬೀಳೋದು ಪೈರಿನ ನೆತ್ತಿ ಮೇಲೆ. ಜಿಗಿಹುಳ ಕೂರೋದು ಬುಡದಲ್ಲಿ, ನೀರಿಗೆ ನಾಲ್ಕು ಬೆರಳು ಮೇಲೆ. ಮೇಲೆ ಓಡಾಡ್ಕೊಂಡು ಅದನ್ನ ತಿಂತಿದ್ದ ಜೇಡ ಸಾಯ್ತದೆ, ಮೊಟ್ಟೆ ಹೀರ್ತಿದ್ದ ಹಸಿರು ತಿಗಣೆ ಸಾಯ್ತದೆ. ಪೈರಿಥ್ರಾಯ್ಡ್ ಜಾತಿಯ ಔಷಧಿ ಹೊಡೆದ ಗದ್ದೇಲಿ ಜಿಗಿ ಮತ್ತೆ ಉಕ್ಕಿ ಬರೋದನ್ನ ಏಷ್ಯಾದ ಎಷ್ಟೋ ದೇಶಗಳು ಕಂಡಿವೆ. ಅದಕ್ಕೇ ನಾನು ಹೇಳೋದು, ಕಾವಲು ಹೊರಗಿಂದ ಬರಬಾರದು. ಬೀಜದೊಳಗೇ ಇರಬೇಕು.

ಮಗಳು: ಬೀಜದೊಳಗಿನ ಕಾವಲು ಅಂದರೆ ನೀವು ಹೇಳೋ ಆ ಜಿಗಿ ತಡೆಯೋ ಜೀನ್. ಅದನ್ನು ನಂಬಿ ಒಂದು ಊರಿಗೆ ಊರೇ ಒಂದು ತಳಿ ಬಿತ್ತಬೇಕಾ ಅನ್ನೋದು ನನ್ನ ಪ್ರಶ್ನೆ.

ದೊಡ್ಡಪ್ಪ: ಮೊದಲು ಅದು ಏನು ಮಾಡ್ತದೆ ಅಂತ ಕೇಳು. ಜಿಗಿಹುಳದ ಮೇಲೆ ಎಲ್ಲೆಲ್ಲಿ ಕೆಲಸ ನಡೀತದೋ ಅಲ್ಲೆಲ್ಲ ಒಂದೇ ಪರೀಕ್ಷೆ. ಒಂದು ತಟ್ಟೆಗೆ ಕೆಸರು ತುಂಬಿ ಸಾಲು ಸಾಲಾಗಿ ಬೀಜ ಹಾಕ್ತಾರೆ. ಸಾಲಿಗೊಂದು ತಳಿ. ಅದರಲ್ಲಿ ಒಂದು ಸಾಲು ಟಿ.ಎನ್.-1, ತೈವಾನಿನ ಗಿಡ್ಡ ಭತ್ತ, ಜಿಗಿಗೆ ಬೆಣ್ಣೆ ಇದ್ದ ಹಾಗೆ. ಇನ್ನೊಂದು ಸಾಲು ಪಿ.ಟಿ.ಬಿ.-33. ಸಸಿ ಬೆರಳುದ್ದ ಆದಾಗ ಮೇಲಿಂದ ಮರಿಹುಳ ಉದುರಿಸಿ ಬಲೆ ಮುಚ್ಚೋದು. ನಾಲ್ಕೈದು ದಿನ ಏನೂ ಕಾಣಲ್ಲ. ಆಮೇಲೆ ಟಿ.ಎನ್.-1 ತುದಿಯಿಂದ ಹಳದಿ ತಿರುಗಿ, ಒಂದು ಬೆಳಿಗ್ಗೆ ಇಡೀ ಸಾಲು ಒಣಹುಲ್ಲಿನಂಗೆ ಮಲಗಿರ್ತದೆ. ಅವತ್ತೇ ಅಂಕ ಹಾಕೋದು. ಏನೂ ಆಗದೆ ನಿಂತದ್ದಕ್ಕೆ 0, ಸತ್ತದ್ದಕ್ಕೆ 9. ಸುತ್ತ ಸತ್ತ ಸಾಲುಗಳ ನಡುವೆ ಪಿ.ಟಿ.ಬಿ.-33 ಹಸಿರಾಗಿ ನಿಂತಿರೋದನ್ನ ಒಂದು ಸಲ ನೋಡಿದವರು ಜೀನನ್ನ ಹಗುರವಾಗಿ ಮಾತಾಡಲ್ಲ.

ಮಗಳು: ನಾನೂ ಹಗುರ ಮಾಡ್ತಿಲ್ಲ. ಆದರೆ ಪಿ.ಟಿ.ಬಿ. ಅಂದರೆ ಪಟ್ಟಾಂಬಿ ಅಲ್ವಾ? ಆ ಭತ್ತ ಪ್ರಯೋಗಾಲಯದಲ್ಲಿ ಹುಟ್ಟಿದ್ದಲ್ಲ. ಕೇರಳದ ರೈತರು ತಲೆಮಾರಿನಿಂದ ಉಳಿಸಿಕೊಂಡು ಬಂದ ನಾಟಿ ತಳಿ. ಮೊದಲ ಜಿಗಿ ಜೀನ್ ಸಿಕ್ಕಿದ್ದು ಮುಡ್ಗೋ ಅನ್ನೋ ನಮ್ಮ ದೇಶದ ಭತ್ತದಲ್ಲಿ. ಇನ್ನೊಂದು ಸಿಕ್ಕಿದ್ದು ಶ್ರೀಲಂಕಾದ ರಾತು ಹೀನಟಿಯಲ್ಲಿ. ಹಿತ್ತಲ ಗಿಡ ಮದ್ದಲ್ಲ ಅಂತ ಬಿಸಾಡಿದ್ದರೆ ವಿಜ್ಞಾನಿಗಳ ಕೈಗೆ ಇವತ್ತು ಏನಿರ್ತಿತ್ತು? ನಮ್ಮದೇ ತಾಲ್ಲೂಕಿನ ಕಿರುಗಾವಲಿನಲ್ಲಿ ಸೈಯದ್ ಗನಿ ಖಾನ್ ಸಾವಿರಕ್ಕೂ ಹೆಚ್ಚು ಭತ್ತದ ತಳಿಗಳನ್ನು ಕಾಪಾಡ್ತಿದ್ದಾರೆ. ನಿಮ್ಮ ಜೀನಿನ ಬೇರು ಅಂಥ ಗದ್ದೆಗಳಲ್ಲಿದೆ.

ದೊಡ್ಡಪ್ಪ: ಅದನ್ನ ಅಲ್ಲಗಳೆಯೋರು ಯಾರು? ಕಿರುಗಾವಲಿನ ಕೆಲಸಕ್ಕೆ ನಾನು ಕೈ ಮುಗೀತೀನಿ. ಆದರೆ ಒಂದು ಮಾತು. ನಾಟಿ ಅಂದ ಮಾತ್ರಕ್ಕೆ ಹುಳ ಮುಟ್ಟಲ್ಲ ಅಂತ ತಿಳೀಬೇಡ. ತಟ್ಟೆಗೆ ಹಾಕಿದ ನಾಟಿ ತಳಿಗಳಲ್ಲಿ ಹೆಚ್ಚಿನವು ಟಿ.ಎನ್.-1ರ ಜೊತೆಗೇ ಮಲಗ್ತವೆ. ಜಿಗಿಹುಳ ಹರಡೋ ಒಂದು ನಂಜುರೋಗ ಅದೆ, ಪೈರು ಹುಲ್ಲುಗುಡ್ಡೆಯಂಗೆ ಕುಗ್ಗಿಹೋಗ್ತದೆ. ಅದನ್ನ ತಡಿಯೋ ಗುಣಕ್ಕಾಗಿ ಫಿಲಿಪ್ಪೀನ್ಸಿನ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು ಆರು ಸಾವಿರಕ್ಕೂ ಹೆಚ್ಚು ಮಾದರಿ ಜಾಲಾಡಿದರು. ಗುಣ ಸಿಕ್ಕಿದ್ದು ಒಂದೇ ಒಂದು ಕಾಡುಭತ್ತದಲ್ಲಿ, ಅದೂ ನಮ್ಮ ಉತ್ತರ ಪ್ರದೇಶದ್ದು. ಕಾಪಾಡೋರು ಕಾಪಾಡಬೇಕು, ಹುಡುಕೋರು ಹುಡುಕಬೇಕು. ಹುಡುಕದೆ ಹೋದರೆ ಚಿನ್ನ ಮಣ್ಣಲ್ಲೇ ಉಳೀತದೆ.

ಮಗಳು: ಸಿಕ್ಕ ಚಿನ್ನವನ್ನು ಏನು ಮಾಡಿದರು ಅಂತಲೂ ನೋಡಬೇಕಲ್ಲ. ಮುಡ್ಗೋದಲ್ಲಿ ಕಂಡ ಜೀನೇ ಇರುವ ಐ.ಆರ್.-26 ಅನ್ನು 1973ರಲ್ಲಿ ಬಿಟ್ಟರು. ಫಿಲಿಪ್ಪೀನ್ಸ್, ಇಂಡೊನೇಷ್ಯಾ, ವಿಯೆಟ್ನಾಂ ಎಲ್ಲ ಕಡೆ ಅದೇ ಭತ್ತ. ಎರಡು ಮೂರು ವರ್ಷದಲ್ಲಿ ಅದನ್ನೂ ತಿನ್ನಬಲ್ಲ ಜಿಗಿಹುಳು ಹುಟ್ಟಿಕೊಂಡಿತು. 1976ರಲ್ಲಿ ಇನ್ನೊಂದು ಜೀನಿನ ಐ.ಆರ್.-36 ಬಂತು. ಅದು ಒಂದಷ್ಟು ವರ್ಷ ತಡೀತು, ಆಮೇಲೆ ಅದಕ್ಕೂ ಹುಳು ಒಗ್ಗಿಕೊಂಡಿತು. ಕೊನೆಗೆ 1986ರಲ್ಲಿ ಇಂಡೊನೇಷ್ಯಾ ಏನು ಮಾಡಿತು? ಭತ್ತಕ್ಕೆ ಹೊಡೆಯುವ 57 ಕೀಟನಾಶಕಗಳನ್ನು ನಿಷೇಧಿಸಿತು, ಜೇಡ ಮತ್ತೆ ಗದ್ದೆಗೆ ಬರಲಿ ಅಂತ. ಜೀನ್ ಒಂದೇ ಸಾಕಾಗಿದ್ದರೆ ಅದೆಲ್ಲ ಯಾಕೆ ಬೇಕಿತ್ತು?

ದೊಡ್ಡಪ್ಪ: ಸಾಕು ಅಂತ ನಾನೆಲ್ಲಿ ಅಂದೆ? ಒಂಟಿ ಜೀನನ್ನ ಕಾವಲಿಗೆ ನಿಲ್ಲಿಸಿದ್ದು ಅವತ್ತಿನ ತಪ್ಪು. ಒಬ್ಬನೇ ಕಾವಲುಗಾರ ಇದ್ದರೆ ಕಳ್ಳ ಅವನು ಮಲಗೋ ಹೊತ್ತು ಕಲ್ತುಕೊಳ್ತಾನೆ. ಈಗ ಎರಡು ಮೂರು ಜೀನನ್ನ ಒಂದೇ ತಳಿಗೆ ಸೇರಿಸ್ತಾರೆ. ಅವು ಕೆಲಸ ಮಾಡೋ ರೀತಿಯೂ ಬೇರೆ ಬೇರೆ. ಬಿ.ಪಿ.ಎಚ್.-14 ಅನ್ನೋ ಜೀನನ್ನ ಚೀನಾದವರು 2009ರಲ್ಲಿ ಬಿಡಿಸಿ ನೋಡಿದರು. ಹುಳ ಮೂತಿ ಚುಚ್ಚಿದರೆ ಪೈರಿಗೆ ಗೊತ್ತಾಗ್ತದೆ, ರಸ ಹರಿಯೋ ಕೊಳವೆಗೆ ತಾನೇ ಬಿರಡೆ ಹಾಕ್ಕೊಳ್ತದೆ. ಹುಳ ಚುಚ್ಚಿ ಚುಚ್ಚಿ ಹಸಿದು ಸೋಲ್ತದೆ. ಪೈರು ವಿಷ ಕಾರಲ್ಲ, ನೀನೂ ನಾನೂ ಉಣ್ಣೋ ಅಕ್ಕಿಗೆ ಏನೂ ಬೆರೆಯಲ್ಲ. ಇದಕ್ಕಿಂತ ಸಾತ್ವಿಕವಾದ ಔಷಧಿ ಯಾವುದವ್ವ?

ಮಗಳು: ಕೇಳೋಕೆ ಚೆನ್ನಾಗಿದೆ ದೊಡ್ಡಪ್ಪ. ಆದರೆ ಈ ಬಯಲು ನೋಡಿ. ನಾಲೆ ಬಿಟ್ಟರೆ ಮೊದಲು ಮಂಡ್ಯದ ಕಡೆಯವರು ನಾಟಿ ಮಾಡ್ತಾರೆ, ಆಮೇಲೆ ಮದ್ದೂರು, ನೀರು ತಿಣುಕಿಕೊಂಡು ಕೊನೆಗೆ ನಮ್ಮಲ್ಲಿಗೆ ಬರುತ್ತೆ. ಅವರ ಪೈರು ಹಾಲು ತುಂಬುವಾಗ ನಮ್ಮದಿನ್ನೂ ತೆಂಡೆ ಒಡೀತಿರುತ್ತೆ. ಹುಳುವಿಗೆ ಒಂದು ಎಲೆ ಎತ್ತುವಷ್ಟರಲ್ಲಿ ಇನ್ನೊಂದು ಎಲೆ ಹಾಸಿಟ್ಟ ಹಾಗೆ. ಯೂರಿಯಾ ಬೇರೆ ಕೈ ಬಿಚ್ಚಿ ಎರಚ್ತೀವಿ. ಎಳಸು ಪೈರು, ಒತ್ತು ನಾಟಿ, ಬುಡದಲ್ಲಿ ಗಾಳಿಯಿಲ್ಲ. ಇಷ್ಟೆಲ್ಲ ನಾವೇ ಮಾಡಿಕೊಟ್ಟು, ಬೀಜದೊಳಗಿನ ಪುಟ್ಟ ಜೀನಿಗೆ ನೀನು ಕಾಯಿ ಅಂದರೆ ಎಷ್ಟು ದಿನ ಕಾಯುತ್ತೆ?

ದೊಡ್ಡಪ್ಪ: ನೀನು ಹೇಳಿದ ಕಾರಣವೆಲ್ಲ ಸರಿ. ಎಂಟು ಹತ್ತು ಅಡಿಗೊಂದು ಗಾಳಿ ಹಾದಿ ಬಿಡಿ, ಯೂರಿಯಾನ ಮೂರು ಸಲ ಪಾಲು ಮಾಡಿ ಕೊಡಿ, ನೀರು ಬಸಿದು ಬುಡ ಆರಿಸಿ ಅಂತ ನಾನು ಊರೂರು ತಿರುಗಿ ಹೇಳಿದೀನಿ. ಕೇಳಿದೋರು ಎಷ್ಟು ಜನ? ನೀರು ಬಸಿ ಅಂದರೆ, ಹದಿನೈದು ದಿನ ಕಾದು ಬಂದ ನೀರನ್ನ ಬಸಿಯೋದಾ ಅಂತ ಕೇಳ್ತಾರೆ. ಅವರದ್ದೂ ಸರಿಯೇ. ಹೇಳಿದ್ದನ್ನ ಮಾಡೋಕಾಗದ ರೈತನಿಗೂ ಉಳಿಯೋ ದಾರಿ ಒಂದು ಬೇಕಲ್ಲ. ಒಂದು ಕತೆ ಹೇಳ್ತೀನಿ, ನಿಮ್ಮಪ್ಪ ನಿನಗೆ ಹೇಳಿರಲ್ಲ.

ಮಗಳು: ಏನದು?

ದೊಡ್ಡಪ್ಪ: ಅವನಿಗೆ ಆಗ ಹದಿನೆಂಟು. ಇದೇ ಗದ್ದೆ. ಕಾಂಡಕೊರಕ ಬಿದ್ದು ತೆನೆಯೆಲ್ಲ ಬೆಳ್ಳಗೆ ನಿಂತಿದ್ದವು, ಎಳೆದರೆ ಕೈಗೇ ಬರೋವು. ಎಂಡ್ರಿನ್ ತಂದು ಬರಿ ಮೈಲಿ ಹೊಡೆದ. ಗಾಳಿ ತಿರುಗಿತು. ಸಂಜೆ ಇದೇ ಬದುವಿನ ಮೇಲೆ ಬಾಯಲ್ಲಿ ನೊರೆ ಬಂದು ಬಿದ್ದಿದ್ದ. ಗಾಡಿ ಕಟ್ಟಿ ಮಳವಳ್ಳಿಗೆ ಹೋಗೋವರೆಗೂ ಅವನ ತಲೆ ನನ್ನ ತೊಡೆ ಮೇಲಿತ್ತು. ಉಳಿದ. ಮಾರನೇ ವರ್ಷ ನಾನು ಫಾರಂ ಸೇರಿದೆ. ಎಂಡ್ರಿನ್ ಹೋಗಿ ಬೇರೆ ಡಬ್ಬಿಗಳು ಬಂದವು. ಬೆನ್ನ ಮೇಲಿನ ಕ್ಯಾನು ಮಾತ್ರ ಇಳೀಲಿಲ್ಲ. ಬೀಜದೊಳಗೆ ಕಾವಲು ಇರಲಿ ಅಂತ ನಾನು ಯಾಕೆ ಹಟ ಹಿಡೀತೀನಿ ಅಂದರೆ, ಆ ಕ್ಯಾನು ಇಳಿಸೋ ಇನ್ನೊಂದು ದಾರಿ ನನಗೆ ಕಂಡಿಲ್ಲ.

ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ದೂರದಲ್ಲಿ ಯಾರೋ ಮಡವೆ ತಿರುಗಿಸುತ್ತಿದ್ದ ಗುದ್ದಲಿಯ ಸದ್ದು.

ಮಗಳು: ಕ್ಯಾನು ಇಳೀಬೇಕು ಅನ್ನೋದರಲ್ಲಿ ನಮ್ಮಿಬ್ಬರಿಗೂ ಜಗಳ ಇಲ್ಲ. ನೀವೇ ಕಾಂಡಕೊರಕದ ಮಾತು ಎತ್ತಿದಿರಿ. ಅದಕ್ಕೆ ಭತ್ತದಲ್ಲಿ ಗಟ್ಟಿ ಜೀನ್ ಇದೆಯಾ?

ದೊಡ್ಡಪ್ಪ: ಇಲ್ಲ. ಟಿ.ಕೆ.ಎಂ.-6ರಂಥ ಒಂದೆರಡು ತಳಿ ವಸಿ ತಾಳ್ಕೊಳ್ತವೆ. ಪಿ.ಟಿ.ಬಿ.-33 ಜಿಗಿಯನ್ನ ತಡೆದ ಹಾಗೆ ಹಳದಿ ಕಾಂಡಕೊರಕವನ್ನ ತಡಿಯೋ ಭತ್ತ ಸಿಕ್ಕಿಲ್ಲ. ಅಲ್ಲೇ ಬಿ.ಟಿ. ಮಾತು ಬರೋದು. ಮಣ್ಣಲ್ಲಿರೋ ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಅನ್ನೋ ಬ್ಯಾಕ್ಟೀರಿಯಾದ ಜೀನನ್ನ ಭತ್ತಕ್ಕೆ ಸೇರಿಸಿದರೆ, ಕೊರಕದ ಮರಿ ಕಾಂಡ ಕಚ್ಚಿದಾಗ ಆ ಪ್ರೋಟೀನು ಅದರ ಕರುಳಲ್ಲಿ ತೂತು ಮಾಡ್ತದೆ. ಚೀನಾ 2009ರಲ್ಲಿ ಹುವಾಹುಯಿ-1 ಅನ್ನೋ ಬಿ.ಟಿ. ಭತ್ತಕ್ಕೆ ಸುರಕ್ಷತೆಯ ಪ್ರಮಾಣಪತ್ರವನ್ನೇ ಕೊಟ್ಟಿತ್ತು.

ಮಗಳು: ಕೊಟ್ಟು, ವ್ಯಾಪಾರಕ್ಕೆ ಬೆಳೆಯಲು ಬಿಡಲಿಲ್ಲ ಅನ್ನೋದನ್ನೂ ಹೇಳಿ. ಇನ್ನೊಂದು, ಬಿ.ಟಿ. ಕೊರೆಯುವ ಹುಳುವಿಗೆ ಆದೀತು. ರಸ ಹೀರುವ ಜಿಗಿಗೆ ಅದರಿಂದ ಏನೂ ಆಗಲ್ಲ. ಹತ್ತಿಯಲ್ಲಿ ನೋಡಿದ್ದೀವಲ್ಲ. 2002ರಲ್ಲಿ ಒಪ್ಪಿಗೆ ಸಿಕ್ಕಿತು, ಹಸಿರು ಕಾಯಿಕೊರಕ ಬಗ್ಗಿತು, 2010ರ ಹೊತ್ತಿಗೆ ಗುಜರಾತಿನಲ್ಲಿ ಗುಲಾಬಿ ಕಾಯಿಕೊರಕ ಮೊದಲ ಬಿ.ಟಿ. ಜೀನನ್ನು ಗೆದ್ದಾಗಿತ್ತು. ಮುಸುಕಿನ ಜೋಳಕ್ಕೆ ಬೀಳುವ ಲದ್ದಿಹುಳು 2018ರಲ್ಲಿ ಶಿವಮೊಗ್ಗದಲ್ಲಿ ಕಾಣಿಸಿಕೊಂಡಿತಲ್ಲ, ಅದೇ ಹುಳು ಪೋರ್ಟೊ ರಿಕೊದಲ್ಲಿ ಅದಕ್ಕೂ ಹತ್ತು ಹನ್ನೆರಡು ವರ್ಷ ಮೊದಲೇ ಬಿ.ಟಿ. ಮುಸುಕಿನ ಜೋಳವನ್ನು ತಿಂದು ಬದುಕೋದು ಕಲಿತಿತ್ತು.

ದೊಡ್ಡಪ್ಪ: ಹತ್ತೀಲಿ ಸೋತದ್ದು ಜೀನಾ, ನಾವಾ? 450 ಗ್ರಾಂ ಬಿ.ಟಿ. ಬೀಜದ ಪೊಟ್ಟಣದ ಜೊತೆ 120 ಗ್ರಾಂ ಬೇರೆ ಬೀಜ ಕೊಡ್ತಿದ್ದರು, ಹೊಲದ ಸುತ್ತ ಹಾಕಿ ಅಂತ. ಬಿ.ಟಿ. ಗೆಲ್ಲದ ಹುಳಗಳೂ ಅಲ್ಲಿ ಬದುಕಿ, ಗೆದ್ದ ಹುಳದ ಜೊತೆ ಕೂಡಲಿ, ಗೆಲ್ಲೋ ಗುಣ ತೆಳುವಾಗಲಿ ಅಂತ. ಎಷ್ಟು ಜನ ಹಾಕಿದರು? ಪೊಟ್ಟಣವನ್ನೇ ಎಸೆದರು.

ಮಗಳು: ಒಂದೆಕರೆ ಇರುವವನಿಗೆ, ಹುಳು ಸಾಕೋದಕ್ಕೆ ಒಂದಿಷ್ಟು ಬಿಡು ಅಂದರೆ ಅವನು ಯಾವ ಧೈರ್ಯದಲ್ಲಿ ಬಿಡ್ತಾನೆ? ದೊಡ್ಡ ದೊಡ್ಡ ಹೊಲಗಳ ದೇಶಕ್ಕೆ ಹೊಲಿದ ಅಂಗಿಯನ್ನು ನಮ್ಮ ಇಪ್ಪತ್ತು ಗುಂಟೆಗೆ ತೊಡಿಸಿ, ಹಿಡಿಸಲಿಲ್ಲ ಅಂದರೆ ಮೈಯ ತಪ್ಪಾ? 1998ರಲ್ಲಿ ಪ್ರೊಫೆಸರ್ ನಂಜುಂಡಸ್ವಾಮಿಯವರ ಮುಂದಾಳತ್ವದಲ್ಲಿ ರೈತ ಸಂಘದವರು ಬಿ.ಟಿ. ಹತ್ತಿಯ ಪ್ರಯೋಗದ ಹೊಲಗಳಿಗೆ ಬೆಂಕಿ ಇಟ್ಟಾಗ ಕೇಳಿದ್ದು ಬರೀ ಹುಳುವಿನ ಪ್ರಶ್ನೆ ಅಲ್ಲ. ಬೀಜ ಯಾರ ಕೈಯಲ್ಲಿರಬೇಕು ಅನ್ನೋ ಪ್ರಶ್ನೆ. ಅದಕ್ಕೆ ಇನ್ನೂ ಉತ್ತರ ಬಂದಿಲ್ಲ.

ದೊಡ್ಡಪ್ಪ: ಆ ಪ್ರಶ್ನೆ ನನಗೂ ಅದೆ. ಆದರೆ ಎಲ್ಲ ಜೀನನ್ನೂ ಒಂದೇ ಗೋಣಿಗೆ ತುಂಬಬೇಡ. ಪಿ.ಟಿ.ಬಿ.-33ನ್ನ ಇನ್ನೊಂದು ಭತ್ತಕ್ಕೆ ಸಂಕರ ಮಾಡಿ ತಳಿ ತಂದರೆ ಅದು ಬಿ.ಟಿ. ಅಲ್ಲ. ಭತ್ತ ಭತ್ತದ ಮದುವೆ. ನಾನು ಸೇರಿದ ಹೊತ್ತಿಗೆ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಮದುವೆ ಮಾಡಿಸ್ತಿದ್ದರು. ಸಾಸಿವೆಗಿಂತ ಸಣ್ಣ ಹೂವು, ಅದರಲ್ಲಿ ಗಂಡು ಹೆಣ್ಣು ಬೇರೆ ಮಾಡೋ ಕೆಲಸ. ಇಂಡಿಯಾ, ಆಫ್ರಿಕಾ ಎರಡೂ ಹೆಸರು ಸೇರಿ ಇಂಡಾಫ್ ಅಂತ ಹೆಸರಾಯ್ತು. ಆ ಬೀಜ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಮೊರದಲ್ಲಿ ಅಳೆದು ಹೋಯ್ತು. ಯಾರೂ ಯಾರಿಗೂ ರಾಯಲ್ಟಿ ಕೊಡಲಿಲ್ಲ. 2001ರ ಸಸ್ಯ ತಳಿ ಮತ್ತು ರೈತರ ಹಕ್ಕು ಕಾಯ್ದೆಯೂ, ರೈತ ಬೀಜ ಎತ್ತಿಡಬೋದು, ಬಿತ್ತಬೋದು, ಕೊಡಬೋದು, ಕಂಪನಿ ಹೆಸರಿನ ಪೊಟ್ಟಣ ಮಾಡದೆ ಮಾರಬೋದು ಅಂತ ಹೇಳ್ತದೆ. ಸರ್ಕಾರಿ ಫಾರಂನಲ್ಲಿ ಹುಟ್ಟಿದ ಜೀನ್ ನಿನ್ನ ಕಣಜದಲ್ಲೇ ಉಳೀತದೆ.

ಮಗಳು: ಅದೇ ಫಾರಂನಲ್ಲಿ ಹುಟ್ಟಿ 1996ರಲ್ಲಿ ಬಿಡುಗಡೆಯಾದ ಕೆ.ಆರ್.ಎಚ್.-2 ಹೈಬ್ರಿಡ್ ಭತ್ತವನ್ನು ವರ್ಷವರ್ಷ ಕೊಂಡೇ ಬಿತ್ತಬೇಕು. ಎತ್ತಿಟ್ಟು ಬಿತ್ತಿದರೆ ಒಂದೊಂದು ಗಿಡ ಒಂದೊಂದು ಥರ. ಇಂಡಾಫ್ ಹೋದ ದಾರಿಯಲ್ಲೇ ಎಲ್ಲವೂ ಹೋಗುತ್ತೆ ಅಂತ ಹೇಗೆ ನಂಬಲಿ? ಈಗ ಜೀನ್ ಕತ್ತರಿಸಿ ತಿದ್ದುವ ವಿದ್ಯೆ ಬೇರೆ ಬಂದಿದೆ. 2025ರ ಮೇ ತಿಂಗಳಲ್ಲಿ ನಮ್ಮ ದೇಶದಲ್ಲೇ ಅಂಥ ಎರಡು ಭತ್ತದ ತಳಿಗಳನ್ನು ಘೋಷಿಸಿದರು.

ದೊಡ್ಡಪ್ಪ: ಕಮಲಾ, ಪೂಸಾ ಡಿ.ಎಸ್.ಟಿ.-1. ಅವು ಹುಳಕ್ಕಲ್ಲ. ಒಂದು ಇಳುವರಿಗೆ, ಇನ್ನೊಂದು ಚೌಳು ಬರ ತಾಳೋಕೆ. ಆದರೆ ಹುಳಕ್ಕೂ ದಾರಿ ಕಂಡದೆ. 2018ರಲ್ಲಿ ಚೀನಾದವರು ಭತ್ತದಲ್ಲಿ ಸಿರೊಟೋನಿನ್ ಮಾಡೋ ಒಂದು ಜೀನನ್ನ ಸುಮ್ಮನಾಗಿಸಿದರು. ಜಿಗಿಯೂ ಸೊರಗಿತು, ಕಾಂಡಕೊರಕವೂ ಸೊರಗಿತು. ಎರಡಕ್ಕೂ ಒಂದೇ ಮದ್ದು! ಹೊರಗಿನದೇನೂ ಸೇರಿಸಿಲ್ಲ, ಒಳಗಿನದೊಂದನ್ನ ಬಾಯಿ ಮುಚ್ಚಿಸಿದಾರೆ ಅಷ್ಟೇ. ನಾನು ಇನ್ನೂ ಕೆಲಸದಲ್ಲಿ ಇದ್ದಿದ್ದರೆ ಅಂತ ಅನಿಸ್ತು ಅದನ್ನ ಓದಿದಾಗ.

ಮಗಳು: ಪೈರು ಆ ಸಿರೊಟೋನಿನನ್ನು ಸುಮ್ಮನೆ ಮಾಡಿಕೊಂಡಿರುತ್ತಾ? ಹುಳುವಿಗೆ ಅನುಕೂಲವಾದದ್ದು ಬೆಂಕಿರೋಗ ತಡೆಯೋಕೆ ಬೇಕಾಗಿರಬಹುದು. ಅಂಥದ್ದನ್ನು ನಮ್ಮ ನೀರು, ನಮ್ಮ ಮಣ್ಣು, ನಮ್ಮ ರೋಗದ ನಡುವೆ ನಾಲ್ಕಾರು ವರ್ಷ ನೋಡದೆ ಬೇಡ ಅಂತೀನಿ. ಹೊಸದಕ್ಕೆ ಬಾಗಿಲು ಹಾಕು ಅಂತಲ್ಲ. ಹೊಸಿಲಲ್ಲಿ ನಿಲ್ಲಿಸಿ ಮಾತಾಡಿಸು ಅಂತ.

ದೊಡ್ಡಪ್ಪ: ನಾಲ್ಕಾರು ವರ್ಷ ನೋಡು ಅನ್ನೋದು ಸುಲಭ. ಆ ನಾಲ್ಕಾರು ವರ್ಷ ಕ್ಯಾನು ಹೊರೋರು ಯಾರು?

ಮಗಳು: ಆತುರಪಟ್ಟು ಊರಿಗೆಲ್ಲ ಬಿತ್ತಿ, ಹುಳು ಗೆದ್ದ ಮೇಲೆ ಮತ್ತೆ ಕ್ಯಾನು ಹೊರೋರು ಯಾರು?

ಇಬ್ಬರ ಪ್ರಶ್ನೆಯೂ ಹಾಗೇ ಉಳಿಯಿತು. ಹೊತ್ತು ಇನ್ನೂ ಸ್ವಲ್ಪವಿತ್ತು. ದೊಡ್ಡಪ್ಪ ಪಂಚೆ ಎತ್ತಿ ಕಟ್ಟಿ ಗದ್ದೆಗಿಳಿದರು.

ದೊಡ್ಡಪ್ಪ: ಬಾ, ಮಾತು ಸಾಕು. ಬುಡ ತಟ್ಟಿ ನೋಡೋಣ. ಎಡಗೈಲಿ ಪೈರು ಬಾಗಿಸು, ಬಲಗೈಲಿ ಬುಡಕ್ಕೆ ಮೂರು ಸಲ ತಟ್ಟು. ನೀರಿನ ಮೇಲೆ ನೋಡ್ತಿರು.

ಮಗಳು: ಉದುರಿದವು. ಗೋಧಿ ಬಣ್ಣದವು, ಅಕ್ಕಿನುಚ್ಚಿನಷ್ಟು. ಅಡ್ಡಡ್ಡ ಜಾರ್ತಾ ಮತ್ತೆ ಪೈರಿಗೇ ಬರ್ತಿವೆ. ನಾಲ್ಕು… ಆರು. ಒಂದು ಜೇಡ ನೀರಿನ ಮೇಲೇ ಓಡ್ತಿದೆ ದೊಡ್ಡಪ್ಪ, ಹಿಂದೆ ಬಿಳಿ ಗಂಟು ಕಟ್ಟಿಕೊಂಡಿದೆ.

ದೊಡ್ಡಪ್ಪ: ಮೊಟ್ಟೆ ಚೀಲ ಅದು. ಹೊತ್ತುಕೊಂಡೇ ಬೇಟೆ ಆಡ್ತದೆ. ತಮಿಳುನಾಡಿನ ಕೃಷಿ ವಿಶ್ವವಿದ್ಯಾಲಯದವರ ಲೆಕ್ಕದಲ್ಲಿ, ಜೇಡ ಇಲ್ಲದ ಗದ್ದೇಲಿ ತೆಂಡೆಗೊಂದು ಜಿಗಿ ಕಂಡರೆ ಔಷಧಿಯ ಯೋಚನೆ ಮಾಡಬೇಕು. ಬುಡಕ್ಕೊಂದು ಜೇಡ ಇದ್ದರೆ ತೆಂಡೆಗೆರಡು ಬರೋವರೆಗೂ ಕಾಯಬೋದು. ಒಂದು ಜೇಡದ ಬೆಲೆ ಅಷ್ಟು. ಈಗ ರಾಜಮುಡಿ ತಟ್ಟು.

ಮಗಳು: ಇಲ್ಲಿ… ಹನ್ನೊಂದು. ಜೇಡ ಒಂದು. ಹಸಿರು ತಿಗಣೆ ಎರಡು.

ದೊಡ್ಡಪ್ಪ: ನೋಡಿದೆಯಾ? ಎಂ.ಟಿ.ಯು.-1001ರಲ್ಲಿ ಆರು, ರಾಜಮುಡೀಲಿ ಹನ್ನೊಂದು. ಆಂಧ್ರದ ಮಾರುಟೇರು ಭತ್ತ ಸಂಶೋಧನಾ ಕೇಂದ್ರದವರು ಜಿಗಿ ತಾಳಲಿ ಅಂತಲೇ ಆರಿಸಿದ ತಳಿ ಅದು. ಒಳಗಿನ ಕಾವಲು ಕೆಲಸ ಮಾಡ್ತದೆ.

ಮಗಳು: ಎರಡು ಕಡೆಯೂ ಪೈರು ಹಸಿರಾಗೇ ಇದೆ, ಅದನ್ನೂ ನೋಡಿ. ಪಕ್ಕದ ಗದ್ದೆಗೂ ನಮ್ಮದಕ್ಕೂ ನಡುವೆ ಒಂದೇ ಬದು. ನಾನು ಈ ವರ್ಷ ಒಂದು ಹನಿ ಔಷಧಿ ಹೊಡೆದಿಲ್ಲ. ಜೇಡ ಉಳಿದಿದೆ. ರಾಜಮುಡಿಯ ಹನ್ನೊಂದು ಜಿಗಿ ಇನ್ನೂ ಹನ್ನೊಂದೇ ಆಗಿರೋದು ಯಾವ ಜೀನಿನಿಂದ?

ದೊಡ್ಡಪ್ಪ ಬಾಗಿದ ಪೈರನ್ನು ಮೆಲ್ಲಗೆ ಬಿಟ್ಟು ಸುಟ್ಟ ಗದ್ದೆಯ ಕಡೆ ನೋಡಿದರು. ಅಲ್ಲಿ ಬುಡ ತಟ್ಟುವುದೇ ಬೇಕಿರಲಿಲ್ಲ.

ಮಗಳು: ಮುಂದಿನ ವರ್ಷ ಎಂ.ಟಿ.ಯು. ಒಂದು ಎಕರೆಗೆ ಇಳಿಸ್ತೀನಿ. ಇನ್ನರ್ಧ ಎಕರೆಗೆ ಜ್ಯೋತಿ ಹಾಕ್ತೀನಿ. ಅದೂ ಜಿಗಿ ತಾಳುತ್ತೆ, ಆದರೆ ಅದರ ಬೇರು ಬೇರೆ, ಪಟ್ಟಾಂಬಿಯದ್ದು. ರಾಜಮುಡಿ ಇರುತ್ತೆ. ಪಕ್ಕದವರನ್ನೂ ಕೇಳ್ತೀನಿ, ಎಲ್ಲರೂ ಒಂದೇ ವಾರದಲ್ಲಿ ನಾಟಿ ಮಾಡೋಣ, ಆದರೆ ಎಲ್ಲರೂ ಒಂದೇ ಬೀಜ ಬೇಡ ಅಂತ.

ದೊಡ್ಡಪ್ಪ: ನೀರು ಒಂದೇ ವಾರದಲ್ಲಿ ಬರ್ತದಾ ಅಂತ ಕೇಳ್ತಾರೆ.

ಮಗಳು: ಕೇಳಲಿ. ಎರಡು ಮೂರು ಜೀನ್ ಸೇರಿಸಿದ ಹೊಸ ತಳಿ ಫಾರಂನಿಂದ ಬಂದರೆ ಐದು ಗುಂಟೆಗೆ ನಾನೇ ಮೊದಲು ಹಾಕ್ತೀನಿ. ಐದೇ ಗುಂಟೆ.

ದೊಡ್ಡಪ್ಪ: ಐದು ಗುಂಟೆ ಅಂದರೆ ಊರಿಗೆ ತಲುಪೋಕೆ ಹತ್ತು ವರ್ಷ ಬೇಕು ಕಣವ್ವ. ನನ್ನ ವಯಸ್ಸಿನೋರಿಗೆ ಅದು ತಡ ಅನಿಸ್ತದೆ.

ಮಗಳು: ನನ್ನ ವಯಸ್ಸಿನವರಿಗೆ ಅದು ಸರಿಯಾದ ವೇಗ ಅನಿಸುತ್ತೆ.

ದೊಡ್ಡಪ್ಪ: ಸರಿ ಬುಡು. ಎರಡು ಬುಡದ ಲೆಕ್ಕ ಲೆಕ್ಕವಲ್ಲ. ನಾಳೆ ಬೆಳಿಗ್ಗೆ ಮಂಜು ಆರಿದ ಮೇಲೆ ಬರ್ತೀನಿ. ಮೂಲೆಯಿಂದ ಮೂಲೆಗೆ ಇಪ್ಪತ್ತು ಬುಡ ತಟ್ಟೋಣ, ಎರಡೂ ಗದ್ದೇಲಿ. ಜಿಗಿ ನಾನು ಎಣಿಸ್ತೀನಿ, ಜೇಡ ನೀನು ಎಣಿಸು. ಪುಸ್ತಕ ಪೆನ್ನು ತಾ.